ಯಾರು ಯಾರನ್ನು ಕರೆದರು?

ಫೈಲಿನ ಹೆಸರಿನ ಮೇಲೆ ಒತ್ತುತ್ತೀರಿ. ಬಿಳಿ ಪರದೆ ಬರುತ್ತದೆ, ನಡುವೆ ಒಂದು ವೃತ್ತ ತಿರುಗುತ್ತದೆ. ತಿರುಗಿ ತಿರುಗಿ ಸಾಕಾದ ಮೇಲೆ, ಸರ್ವರ್ ಸಂಪರ್ಕ ಸಿಗಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂಬರ್ಥದ ಒಂದು ಸಾಲು. ಸ್ವಲ್ಪ ಹೊತ್ತು ಬಿಟ್ಟು ಬಂದರೂ ಅದೇ, ನಾಳೆ ಬಂದರೂ ಅದೇ. ವಿಚಿತ್ರವೆಂದರೆ ಅದೇ ಸರ್ವರಿನಲ್ಲಿರುವ ಫೋಟೋಗಳು ಚೆನ್ನಾಗಿಯೇ ತೆರೆಯುತ್ತವೆ. ಈ ಫೈಲನ್ನೇ ಡೌನ್‌ಲೋಡ್ ಮಾಡಿದರೆ ಸಲೀಸಾಗಿ ಇಳಿಯುತ್ತದೆ. ಬ್ರೌಸರಿನಲ್ಲೇ ಕೂತು ತಿದ್ದುತ್ತೇನೆ ಎಂದು ಹೊರಟಾಗ ಮಾತ್ರ ಸಂಪರ್ಕ ಇಲ್ಲ.

ದೊಡ್ಡ ಕಂಪನಿಯ ಸೇವೆ ಬಳಸುವವರು ಇಂಥ ಹೊತ್ತಿನಲ್ಲಿ ಕಾಫಿ ಕುಡಿದು ಬರಬಹುದು. ರಿಪೇರಿ ಅವರ ಕೆಲಸವಲ್ಲ. ಸ್ವಂತ ಕ್ಲೌಡ್ ಇಟ್ಟುಕೊಂಡವರಿಗೆ ಆ ಭಾಗ್ಯವಿಲ್ಲ. ಹೀಗೆ ಇಟ್ಟುಕೊಂಡವರು ಈಗ ಕಡಿಮೆಯೇನೂ ಇಲ್ಲ. 2010ರಲ್ಲಿ ಓನ್‌ಕ್ಲೌಡ್ ಎಂಬ ಮುಕ್ತ ತಂತ್ರಾಂಶ ಶುರುಮಾಡಿದ ಜರ್ಮನಿಯ ಫ್ರಾಂಕ್ ಕಾರ್ಲಿಚೆಕ್, 2016ರ ಜೂನ್‌ನಲ್ಲಿ ಅದರಿಂದ ಕವಲೊಡೆದು ನೆಕ್ಸ್ಟ್‌ಕ್ಲೌಡ್ ಕಟ್ಟಿದರು. ಮನೆಯ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿನಲ್ಲೂ ಅದನ್ನು ಹಾಕಿಕೊಳ್ಳಬಹುದು. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸರ್ಕಾರ ಸುಮಾರು 30,000 ಸರ್ಕಾರಿ ಕಂಪ್ಯೂಟರುಗಳನ್ನು ಮೈಕ್ರೋಸಾಫ್ಟ್ ಆಫೀಸಿನಿಂದ ಲಿಬ್ರೆಆಫೀಸ್‌ಗೆ ಬದಲಾಯಿಸುವುದಾಗಿ 2024ರಲ್ಲಿ ಘೋಷಿಸಿದಾಗ, ಫೈಲು ಹಂಚಿಕೊಳ್ಳಲು ಆರಿಸಿಕೊಂಡದ್ದೂ ನೆಕ್ಸ್ಟ್‌ಕ್ಲೌಡನ್ನೇ. ಅಂದರೆ ಮೇಲಿನ ಸಾಲು ಮನೆಯ ಹವ್ಯಾಸಿಗೂ ಕಾಣಿಸಬಹುದು, ಸರ್ಕಾರಿ ಕಚೇರಿಗೂ ಕಾಣಿಸಬಹುದು.

ಆ ಸಾಲಿನ ದೋಷ ಏನೆಂದರೆ, ಯಾರು ಯಾರನ್ನು ಕರೆದಾಗ ಉತ್ತರ ಬರಲಿಲ್ಲ ಎಂಬುದನ್ನು ಅದು ಹೇಳುವುದೇ ಇಲ್ಲ. ಓದಿದವರು ಸಹಜವಾಗಿಯೇ ‘ನಾನು ಕರೆದೆ, ಸರ್ವರ್ ಓಗೊಡಲಿಲ್ಲ’ ಎಂದುಕೊಳ್ಳುತ್ತಾರೆ. ವೈಫೈ ಆರಿಸಿ ಹಾಕುತ್ತಾರೆ, ಬ್ರೌಸರ್ ಬದಲಿಸುತ್ತಾರೆ, ಸರ್ವರನ್ನು ಒಮ್ಮೆ ರೀಸ್ಟಾರ್ಟ್ ಮಾಡುತ್ತಾರೆ. ಬಹುತೇಕ ಸಲ ನಿಮ್ಮ ಕರೆ ತಲುಪಿರುತ್ತದೆ. ತಪ್ಪಿದ್ದು ನಿಮ್ಮ ಬೆನ್ನ ಹಿಂದೆ, ಎರಡು ಸರ್ವರುಗಳು ತಮ್ಮತಮ್ಮಲ್ಲಿ ಆಡಬೇಕಿದ್ದ ಮಾತು.

ಎರಡು ಸರ್ವರ್ ಎಲ್ಲಿಂದ ಬಂತು ಎಂದು ಕೇಳಬಹುದು. ಫೈಲು ಇಡುವುದು ಒಂದು ಕಸುಬು, ಫೈಲು ತಿದ್ದುವುದು ಇನ್ನೊಂದು. ನೆಕ್ಸ್ಟ್‌ಕ್ಲೌಡ್‌ಗೆ ವರ್ಡ್ ಫೈಲಿನ ಒಳಗೇನಿದೆ ಎಂಬ ಗೊಡವೆ ಇಲ್ಲ. ಅದರ ಮಟ್ಟಿಗೆ ಅದು ಇಷ್ಟು ಬೈಟುಗಳ ಒಂದು ಗಂಟು. ಗಂಟು ಬಿಚ್ಚಿ ಪ್ಯಾರಾ, ಕೋಷ್ಟಕ, ಅಡಿಟಿಪ್ಪಣಿಗಳನ್ನು ತೆರೆದಿಡಲು ಪ್ರತ್ಯೇಕ ಆಫೀಸ್ ಸರ್ವರ್ ಬೇಕು. ಮುಕ್ತ ಜಗತ್ತಿನಲ್ಲಿ ಅಂಥವು ಮುಖ್ಯವಾಗಿ ಎರಡು: ಕೊಲಾಬೊರಾ ಆನ್‌ಲೈನ್ ಮತ್ತು ಓನ್ಲಿಆಫೀಸ್. ಕೊಲಾಬೊರಾದ ಹೊಟ್ಟೆಯೊಳಗಿರುವುದು ಲಿಬ್ರೆಆಫೀಸ್. ಅದರ ಬೇರು ಹುಡುಕಿಕೊಂಡು ಹೋದರೆ 2010ರಲ್ಲಿ ಕವಲೊಡೆದ ಓಪನ್‌ಆಫೀಸ್, ಅದಕ್ಕೂ ಹಿಂದೆ ಮಾರ್ಕೊ ಬೋರಿಸ್ ಎಂಬ ಹುಡುಗ 1985ರಲ್ಲಿ ಜರ್ಮನಿಯ ಲ್ಯೂನೆಬುರ್ಗ್‌ನಲ್ಲಿ ಶುರುಮಾಡಿದ ಸ್ಟಾರ್ ಡಿವಿಷನ್ ಸಿಗುತ್ತದೆ. ಆಗ ವೆಬ್ ಹುಟ್ಟಿರಲಿಲ್ಲ. ಒಬ್ಬರ ಮೇಜಿನ ಮೇಲಿನ ಒಂದು ಯಂತ್ರಕ್ಕೆಂದು ಬರೆದ ತಂತ್ರಾಂಶವನ್ನು ಬ್ರೌಸರಿಗೆ ಹೊಂದಿಸುವುದು ಹೇಗೆ? ಕೊಲಾಬೊರಾದವರು ಕಂಡುಕೊಂಡ ದಾರಿ ಹೀಗಿದೆ: ತಂತ್ರಾಂಶ ಸರ್ವರಿನಲ್ಲೇ ಓಡಲಿ. ಅದು ಪುಟವನ್ನು ಅಲ್ಲೇ ಬಿಡಿಸಿ, ಸಣ್ಣ ಚೌಕಗಳಾಗಿ ಕತ್ತರಿಸಿ ಚಿತ್ರಗಳ ರೂಪದಲ್ಲಿ ಬ್ರೌಸರಿಗೆ ಕಳಿಸಲಿ. ನೀವು ‘ಕ’ ಒತ್ತಿದಾಗ ಆ ಸುದ್ದಿ ಸರ್ವರಿಗೆ ಹೋಗಿ, ಅಲ್ಲಿ ‘ಕ’ ಮೂಡಿ, ಬದಲಾದ ಚೌಕ ಮರಳಿ ಬರುತ್ತದೆ.

(ಕನ್ನಡದಲ್ಲಿ ಬರೆಯುವವರು ಇಲ್ಲೊಂದು ವಿಷಯ ಗಮನಿಸಬೇಕು. ಅಕ್ಷರ ಬಿಡಿಸುವುದು ಸರ್ವರ್ ಆದ್ದರಿಂದ ಫಾಂಟ್ ಇರಬೇಕಾದ್ದೂ ಅಲ್ಲೇ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಷ್ಟು ಚಂದದ ಕನ್ನಡ ಫಾಂಟುಗಳಿದ್ದರೂ, ಸರ್ವರಿನಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ ಅಥವಾ ನೋಟೊ ಇಂಥ ಒಂದಾದರೂ ಇಲ್ಲದಿದ್ದರೆ ಪರದೆಯ ತುಂಬ ಖಾಲಿ ಡಬ್ಬಗಳು. ಅದನ್ನೂ ಸಂಪರ್ಕ ದೋಷ ಎಂದು ದೂರುವವರಿದ್ದಾರೆ. ಅಲ್ಲ, ಅಲ್ಲಿ ಸಂಪರ್ಕ ಗಟ್ಟಿಮುಟ್ಟಾಗಿದೆ.)

ಈಗ ಮದುವೆಮನೆಯೊಂದನ್ನು ನೆನೆಯಿರಿ. ನೆಕ್ಸ್ಟ್‌ಕ್ಲೌಡ್ ಅಲ್ಲಿನ ಉಗ್ರಾಣದವರು. ಅಕ್ಕಿ, ಬೇಳೆ, ಬೆಲ್ಲ ಎಲ್ಲ ಅವರ ಸುಪರ್ದಿಯಲ್ಲಿದೆ, ಆದರೆ ಅವರು ಒಲೆ ಮುಟ್ಟುವುದಿಲ್ಲ. ಆಫೀಸ್ ಸರ್ವರ್ ಅಡುಗೆ ಭಟ್ಟರು. ಕೈಚಳಕ ಉಂಟು, ಸ್ವಂತ ದಾಸ್ತಾನು ಇಲ್ಲ. ನೀವು ಉಗ್ರಾಣಕ್ಕೆ ಹೋಗಿ ಪಾಯಸ ಬೇಕೆಂದರೆ ಅವರು ಒಂದು ಚೀಟಿ ಬರೆದುಕೊಟ್ಟು ಅಡುಗೆಮನೆಯತ್ತ ಕೈ ತೋರಿಸುತ್ತಾರೆ. ಚೀಟಿಯನ್ನು ಭಟ್ಟರ ಕೈಗೆ ಕೊಡುತ್ತೀರಿ. ಭಟ್ಟರು ಅದನ್ನು ಹಿಡಿದುಕೊಂಡು ಹಿಂಬಾಗಿಲಿನಿಂದ ತಾವೇ ಉಗ್ರಾಣಕ್ಕೆ ಹೋಗಿ ಸಾಮಾನು ತರಬೇಕು, ಉಳಿದದ್ದನ್ನು ಅಲ್ಲಿಗೇ ಒಪ್ಪಿಸಬೇಕು. ಆ ಹಿಂಬಾಗಿಲಿಗೆ ಯಾರೋ ಚಿಲಕ ಹಾಕಿದ್ದರೆ ಪಂಕ್ತಿಯಲ್ಲಿ ಕೂತ ನಿಮಗೆ ಗೊತ್ತಾಗುವುದು ಒಂದೇ: ಪಾಯಸ ಬರಲಿಲ್ಲ.

ಈ ಏರ್ಪಾಡಿಗೆ ವೋಪಿ ಎಂಬ ಹೆಸರಿದೆ. ಮೈಕ್ರೋಸಾಫ್ಟ್ ರೂಪಿಸಿದ ನಿಯಮಾವಳಿ ಇದು, ಕೊಲಾಬೊರಾ ಕೂಡ ಅದನ್ನೇ ಅನುಸರಿಸುತ್ತದೆ. ಅದರಲ್ಲಿ ಕರೆಗಳು ನಾಲ್ಕು ದಿಕ್ಕಿನಲ್ಲಿ ಓಡುತ್ತವೆ. ಬ್ರೌಸರಿನಿಂದ ನೆಕ್ಸ್ಟ್‌ಕ್ಲೌಡ್‌ಗೆ ಹೋಗುವುದು ಮೊದಲನೆಯದು. ನಿಮಗೆ ಯಾವ್ಯಾವ ಬಗೆಯ ಫೈಲು ತಿದ್ದಲು ಬರುತ್ತದೆ ಎಂದು ನೆಕ್ಸ್ಟ್‌ಕ್ಲೌಡ್ ಆಫೀಸ್ ಸರ್ವರನ್ನು ಕೇಳುವುದು ಎರಡನೆಯದು. ಬ್ರೌಸರ್ ಚೀಟಿ ಹಿಡಿದು ಆಫೀಸ್ ಸರ್ವರಿಗೆ ಹೋಗುವುದು ಮೂರನೆಯದು. ಆಫೀಸ್ ಸರ್ವರ್ ಅದೇ ಚೀಟಿ ಹಿಡಿದು ನೆಕ್ಸ್ಟ್‌ಕ್ಲೌಡ್‌ಗೆ ಮರಳಿ ಬರುವುದು ನಾಲ್ಕನೆಯದು. ದೋಷ ಹುಡುಕುವ ಕಲೆಯೆಲ್ಲ ಇರುವುದು ಈ ನಾಲ್ಕರಲ್ಲಿ ಯಾವುದು ಕೆಟ್ಟಿದೆ ಎಂದು ಗುರುತಿಸುವುದರಲ್ಲಿ. ಉಳಿದದ್ದು ತಿದ್ದುಪಡಿ, ಅದು ಎರಡು ಸಾಲಿನ ಕೆಲಸ.

ಮೊದಲನೆಯದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಫೈಲುಗಳ ಪಟ್ಟಿ ಕಾಣುತ್ತಿದೆ ಎಂದರೆ ಅದು ಸರಿಯಿದೆ.

ಎರಡನೆಯದನ್ನು ಪರೀಕ್ಷಿಸುವುದೂ ಸುಲಭ. ಕೊಲಾಬೊರಾ ಸಾಮಾನ್ಯವಾಗಿ 9980ನೇ ಪೋರ್ಟಿನಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಅದರ ವಿಳಾಸದ ಕೊನೆಗೆ ‘/ಹೋಸ್ಟಿಂಗ್/ಡಿಸ್ಕವರಿ’ ಎಂದು ಸೇರಿಸಿ ಕರೆದರೆ ಎಕ್ಸ್‌ಎಂಎಲ್ ಪಟ್ಟಿಯೊಂದನ್ನು ಕೊಡುತ್ತದೆ: ಈ ಬಗೆಯ ಫೈಲಿಗೆ ಈ ವಿಳಾಸ, ಆ ಬಗೆಯದಕ್ಕೆ ಆ ವಿಳಾಸ. ಓನ್ಲಿಆಫೀಸ್ ಆದರೆ ‘/ಹೆಲ್ತ್‌ಚೆಕ್’ ಎಂದು ಕೇಳಬೇಕು, ಕ್ಷೇಮವಾಗಿದ್ದರೆ ‘ಟ್ರೂ’ ಎಂದು ಒಂದೇ ಪದದ ಉತ್ತರ. ಆದರೆ ಈ ಪರೀಕ್ಷೆಯನ್ನು ನಿಮ್ಮ ಬ್ರೌಸರಿನಲ್ಲಿ ಮಾಡಿ ತೃಪ್ತರಾದರೆ ಪ್ರಯೋಜನವಿಲ್ಲ. ಇಲ್ಲಿ ಕರೆಯುವವರು ನೀವಲ್ಲ, ನೆಕ್ಸ್ಟ್‌ಕ್ಲೌಡ್. ಅದು ಕೂತ ಜಾಗದಲ್ಲಿ ಕೂತು ಕೇಳಬೇಕು. ಡಾಕರ್ ಕಂಟೇನರಿನಲ್ಲಿ, ಅಂದರೆ ಯಂತ್ರದೊಳಗೆ ಬೇರ್ಪಡಿಸಿದ ಪುಟ್ಟ ಕೋಣೆಯಲ್ಲಿ, ಓಡುತ್ತಿದ್ದರೆ ಅದರ ಒಳಗೆ ಇಳಿದು, ಅಲ್ಲಿಂದ ವಿಳಾಸವನ್ನು ಕರೆಯುವ ಕರ್ಲ್ ಆಜ್ಞೆ ಕೊಟ್ಟು ನೋಡಬೇಕು.

ಕಂಟೇನರ್ ಎಂದಾಗ ಬರುವ ತಮಾಷೆ ಲೋಕಲ್‌ಹೋಸ್ಟ್‌ನದು. 127.0.0.1 ಎಂದರೆ ‘ನಾನೇ’ ಎಂದರ್ಥ. ಯಂತ್ರ ಒಂದೇ ಆದರೂ ಪ್ರತಿ ಕಂಟೇನರಿಗೂ ತನ್ನದೇ ಜಾಲ, ತನ್ನದೇ ‘ನಾನು’. ನೆಕ್ಸ್ಟ್‌ಕ್ಲೌಡ್ ಕಂಟೇನರಿಗೆ ‘ಆಫೀಸ್ ಸರ್ವರ್ ಲೋಕಲ್‌ಹೋಸ್ಟ್‌ನ 9980ರಲ್ಲಿದೆ’ ಎಂದು ಹೇಳಿಕೊಟ್ಟರೆ, ಅದು ತನ್ನೊಳಗೇ ತಡಕಾಡಿ, ಅಲ್ಲಿ ಯಾರೂ ಇಲ್ಲ ಎಂದು ವರದಿ ಮಾಡುತ್ತದೆ. ಆ ವರದಿ ಸುಳ್ಳಲ್ಲ.

ಮೂರನೆಯ ಕರೆಯಲ್ಲಿ ನೋಡುವಂಥದ್ದು ಬೇಕಾದಷ್ಟಿದೆ. ಮಾಮೂಲಿ ವೆಬ್ ಪುಟವೆಂದರೆ ಒಂದು ಪ್ರಶ್ನೆ, ಒಂದು ಉತ್ತರ, ಮುಗಿಯಿತು. ಬ್ರೌಸರ್ ಕೇಳದೆ ಸರ್ವರ್ ತಾನಾಗಿ ಬಾಯಿ ಬಿಡುವಂತಿಲ್ಲ. ಇಬ್ಬರು ಒಂದೇ ಫೈಲು ತಿದ್ದುವಾಗ ಇದು ಸಾಲದು. ನೀವು ಸುಮ್ಮನೆ ಕೂತಿದ್ದಾಗಲೂ ಆ ಕಡೆಯವರು ಬರೆದದ್ದು ನಿಮ್ಮ ಪರದೆಗೆ ಬರಬೇಕು. ಈ ಬಗೆಯ ಜೋಡಿ ಕೆಲಸದ ಕನಸೇನೂ ಹೊಸದಲ್ಲ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್, ಮೆನ್ಲೊ ಪಾರ್ಕ್‌ನಲ್ಲಿದ್ದ ಸಹೋದ್ಯೋಗಿಯ ಜೊತೆ ಒಂದೇ ಪಠ್ಯವನ್ನು ಪರದೆಯ ಮೇಲೆ ಹಂಚಿಕೊಂಡು ತೋರಿಸಿದ್ದರು. ಅವರಿಗೆ ನಡುವೆ ಖಾಸಗಿ ಸಂಪರ್ಕ ಮಾರ್ಗವಿತ್ತು. ನಮಗಿರುವುದು ಪ್ರಶ್ನೋತ್ತರಕ್ಕೆಂದು ಮಾಡಿದ ವೆಬ್. ಅದರ ಮೇಲೆಯೇ ಎರಡೂ ಕಡೆಯಿಂದ ಸದಾ ಮಾತಾಡಬಹುದಾದ ದಾರಿ ತೆರೆಯಲು ವೆಬ್‌ಸಾಕೆಟ್ ಬಂತು. 2011ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 6455 ಎಂಬ ಸಂಖ್ಯೆಯಲ್ಲಿ ಅದರ ನಿಯಮ ಪ್ರಕಟವಾಯಿತು.

ಈ ದಾರಿ ತೆರೆಯುವ ಕ್ರಮವನ್ನು ಹತ್ತಿರದಿಂದ ನೋಡಿ. ಬ್ರೌಸರ್ ಮೊದಲು ಮಾಮೂಲಿ ಎಚ್‌ಟಿಟಿಪಿ ಪ್ರಶ್ನೆಯಂತೆಯೇ ಹೋಗುತ್ತದೆ. ಅದರ ಜೊತೆಗೆ ‘ಅಪ್‌ಗ್ರೇಡ್: ವೆಬ್‌ಸಾಕೆಟ್’ ಎಂಬ ಸಾಲು, ಇನ್ನೊಂದು ಸಾಲಿನಲ್ಲಿ ಆ ಕ್ಷಣ ಹುಟ್ಟಿಸಿದ 16 ಬೈಟುಗಳ ಯಾದೃಚ್ಛಿಕ ಕೀಲಿ. ಸರ್ವರ್ ಆ ಕೀಲಿಗೆ, ನಿಯಮಪುಸ್ತಕದಲ್ಲೇ ಬರೆದಿಟ್ಟ 36 ಅಕ್ಷರಗಳ ಸ್ಥಿರ ಸಾಲೊಂದನ್ನು ಅಂಟಿಸಿ, ಶಾ-1 ಎಂಬ ಲೆಕ್ಕದ ಗಾಣಕ್ಕೆ ಹಾಕಿ, ಬಂದ ಫಲವನ್ನು ಹಿಂತಿರುಗಿಸುತ್ತದೆ. ಬ್ರೌಸರ್ ತಾನೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ, ಆ 36 ಅಕ್ಷರ ಲೋಕಕ್ಕೆಲ್ಲ ಗೊತ್ತು. ಉದ್ದೇಶ ಬೇರೆ: ಆ ತುದಿಯಲ್ಲಿರುವವರಿಗೆ ವೆಬ್‌ಸಾಕೆಟ್ ನಿಜವಾಗಿ ಅರ್ಥವಾಗುತ್ತದೆ, ಹಳೆಯ ಉತ್ತರವನ್ನೇ ಕಣ್ಣುಮುಚ್ಚಿ ಒಪ್ಪಿಸುವ ಯಾವುದೋ ಮಧ್ಯವರ್ತಿಯಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ಆ ಫಲ ಹೊತ್ತು ಬರುವ ಸರ್ವರಿನ ಉತ್ತರದ ತಲೆಯ ಮೇಲೆ 101 ಎಂಬ ಸಂಖ್ಯೆ ಇರುತ್ತದೆ. ಲೆಕ್ಕ ಸರಿಹೋದರೆ ಅಲ್ಲಿಂದ ಮುಂದೆ ಅದು ಎಚ್‌ಟಿಟಿಪಿ ಅಲ್ಲ.

ಬ್ರೌಸರಿನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಎಂಬ ಪಟ್ಟಿ ತೆರೆದರೆ ಈ 101 ಕಣ್ಣಿಗೇ ಕಾಣುತ್ತದೆ. ಕಾಣದೆ 400 ಅಥವಾ 502 ಕಂಡರೆ ನಡುವಿನ ಮಧ್ಯವರ್ತಿಯ ಮೇಲೆ ಅನುಮಾನಪಡಬೇಕು. ಸ್ವಂತ ಸರ್ವರುಗಳ ಮುಂದೆ ಸಾಮಾನ್ಯವಾಗಿ ಎಂಜಿನ್‌ಎಕ್ಸ್ ಅಥವಾ ಅಪಾಚೆ ಎಂಬ ರಿವರ್ಸ್ ಪ್ರಾಕ್ಸಿ ನಿಂತಿರುತ್ತದೆ, ಬಂದವರನ್ನು ಹೆಸರು ನೋಡಿ ಒಳಗೆ ಕಳಿಸಲು. ಎಚ್‌ಟಿಟಿಪಿ ನಿಯಮದ ಪ್ರಕಾರ ಅಪ್‌ಗ್ರೇಡ್ ಸಾಲು ಪಕ್ಕದ ಕೊಂಡಿಗೆ ಮಾತ್ರ ಸಂಬಂಧಿಸಿದ್ದು. ಪ್ರಾಕ್ಸಿ ಅದನ್ನು ತಾನಾಗಿ ಮುಂದಕ್ಕೆ ದಾಟಿಸುವುದಿಲ್ಲ. ‘ಇದನ್ನೂ ದಾಟಿಸು’ ಎಂದು ಸಂರಚನೆಯಲ್ಲಿ ಬರೆದುಕೊಡದಿದ್ದರೆ ಕೊಲಾಬೊರಾಗೆ ತಲುಪುವುದು ಅಪ್‌ಗ್ರೇಡ್ ಕಳಚಿಹೋದ ಬರಿಯ ಪ್ರಶ್ನೆ. ಆಗ ಮೆನು ಪಟ್ಟಿ, ಗುಂಡಿಗಳೆಲ್ಲ ಬರುತ್ತವೆ, ಪುಟ ಬರುವುದಿಲ್ಲ. ಈ ಲಕ್ಷಣ ಎಷ್ಟು ಸ್ಪಷ್ಟವೆಂದರೆ ನೋಡಿದ ಕೂಡಲೇ ಪ್ರಾಕ್ಸಿಯ ಫೈಲು ತೆರೆಯಬಹುದು.

ತೆರೆದಾಗ ಮತ್ತೊಂದು ಸಾಲನ್ನೂ ನೋಡಿಕೊಳ್ಳಿ. ಎಂಜಿನ್‌ಎಕ್ಸ್, ನೀವು ಬೇರೆ ಹೇಳದಿದ್ದರೆ, ತನ್ನ ಹಿಂದಿರುವ ಸರ್ವರಿನಿಂದ 60 ಸೆಕೆಂಡ್ ಏನೂ ಬರದಿದ್ದರೆ ಸಂಪರ್ಕ ಮುಗಿಯಿತೆಂದು ಭಾವಿಸಿ ಕಡಿದುಹಾಕುತ್ತದೆ. ಮಾಮೂಲಿ ಪುಟಕ್ಕೆ ಅದು ಧಾರಾಳವಾದ ಕಾಲ, ಯೋಚಿಸುತ್ತ ಬರೆಯುವವರಿಗೆ ಏನೂ ಸಾಲದು. ಕೊಲಾಬೊರಾದ ಕೈಪಿಡಿ ಇದನ್ನು 36,000 ಸೆಕೆಂಡಿಗೆ, ಅಂದರೆ 10 ಗಂಟೆಗೆ ಏರಿಸಲು ಹೇಳುತ್ತದೆ. ಸಂಪರ್ಕ ಆಗಾಗ ಕಡಿಯುತ್ತಿದೆ ಎಂದು ಯಾರಾದರೂ ದೂರಿದರೆ ಅವರ ಕೈಗೊಂದು ಗಡಿಯಾರ ಕೊಡಿ. ಕಡಿಯುವ ಅವಧಿ ಒಂದೊಂದು ಸಲ ಒಂದೊಂದಾದರೆ ತಂತಿ, ವೈಫೈ, ಮೆಮೊರಿ ಇತ್ಯಾದಿ ನೋಡಬೇಕು. ಪ್ರತಿ ಸಲ 60 ಅಥವಾ 300 ಹೀಗೆ ದುಂಡಾದ ಸಂಖ್ಯೆಯಾದರೆ ಅದು ಪ್ರಕೃತಿಯ ಆಟವಲ್ಲ, ಎಲ್ಲೋ ಯಾರೋ ಬರೆದಿಟ್ಟ ಮಿತಿ.

ಅಪಾಚೆ ಬಳಸುವವರಿಗೆ ಇನ್ನೊಂದು ಮೋಜಿನ ಬಲೆಯಿದೆ. ಬ್ರೌಸರ್ ಒಯ್ಯುವ ವಿಳಾಸದ ಹೊಟ್ಟೆಯೊಳಗೆ ನೆಕ್ಸ್ಟ್‌ಕ್ಲೌಡಿನ ವಿಳಾಸವೂ ಇರುತ್ತದೆ, ಭಟ್ಟರಿಗೆ ಉಗ್ರಾಣ ಎಲ್ಲಿದೆ ಎಂದು ತಿಳಿಯಬೇಕಲ್ಲ. ವಿಳಾಸದೊಳಗಿನ ವಿಳಾಸದಲ್ಲಿ ಬರುವ ಓರೆಗೆರೆಗಳನ್ನು ‘%2ಎಫ್’ ಎಂದು ಮಾರುವೇಷ ಹಾಕಿಸಿ ಕಳಿಸುತ್ತಾರೆ, ಇಲ್ಲದಿದ್ದರೆ ಹೊರಗಿನ ವಿಳಾಸದ ಓರೆಗೆರೆಗಳ ಜೊತೆ ಅವು ಬೆರೆತುಹೋಗುತ್ತವೆ. ಅಪಾಚೆಗೆ ಈ ಮಾರುವೇಷ ಹಿಡಿಸುವುದಿಲ್ಲ. ದಾರಿಯ ಭಾಗದಲ್ಲಿ ಅದನ್ನು ಕಂಡರೆ ಸುಮ್ಮನೆ 404, ಅಂಥ ಪುಟವೇ ಇಲ್ಲ ಎಂದುಬಿಡುತ್ತದೆ. ಪುಟ ಇದೆ, ಸರ್ವರ್ ಇದೆ, ಆದರೂ 404. ಇಂಥ ಓರೆಗೆರೆಗಳನ್ನು ಬಿಡಿಸದೆ ಹಾಗೇ ದಾಟಿಸು ಎಂಬ ಒಂದು ಸೂಚನೆ ಬರೆಯುವ ತನಕ ಈ ಗೋಳು ತಪ್ಪುವುದಿಲ್ಲ.

ಇದೇ ಮೂರನೆಯ ಕರೆಯನ್ನು ಬ್ರೌಸರೇ ತಡೆಯುವುದೂ ಉಂಟು. ಹೊರಗಿನ ಪುಟ ಬೀಗದ ಗುರುತಿನ ಎಚ್‌ಟಿಟಿಪಿಎಸ್ ಆಗಿದ್ದು, ಒಳಗಿನ ಚೌಕಟ್ಟು ಬರಿಯ ಎಚ್‌ಟಿಟಿಪಿ ಆದರೆ ಬ್ರೌಸರ್ ಒಪ್ಪುವುದಿಲ್ಲ. ಬೀಗದ ಕೆಲಸವನ್ನು ಪ್ರಾಕ್ಸಿಗೆ ವಹಿಸಿ, ಅದನ್ನು ಕೊಲಾಬೊರಾಗೆ ತಿಳಿಸಲು ಮರೆತಾಗ ಹೀಗಾಗುತ್ತದೆ. ಪಾಪ, ಅದು ಡಿಸ್ಕವರಿ ಪಟ್ಟಿಯಲ್ಲಿ ಎಲ್ಲ ವಿಳಾಸಗಳನ್ನೂ ಎಚ್‌ಟಿಟಿಪಿ ಎಂದೇ ಬರೆದುಕೊಡುತ್ತದೆ. ಪಟ್ಟಿಯನ್ನು ಕಣ್ಣಾರೆ ಓದಿದರೆ ಮೊದಲ ವಿಳಾಸದಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ನಾಲ್ಕನೆಯದು, ಹಿಂಬಾಗಿಲಿನ ಕರೆ. ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ತಲೆ ತಿನ್ನುವುದು ಇದೇ, ಏಕೆಂದರೆ ಇದು ಬ್ರೌಸರಿನ ಎಫ್12 ಪಟ್ಟಿಯಲ್ಲಿ ಕಾಣುವುದಿಲ್ಲ. ಆಫೀಸ್ ಸರ್ವರ್ ನೆಕ್ಸ್ಟ್‌ಕ್ಲೌಡನ್ನು ಕರೆದು ಮೊದಲು ಫೈಲಿನ ವಿವರ ಕೇಳುತ್ತದೆ: ಹೆಸರೇನು, ಗಾತ್ರವೆಷ್ಟು, ಈ ಚೀಟಿಯವರಿಗೆ ತಿದ್ದುವ ಹಕ್ಕಿದೆಯೇ? ಆಮೇಲೆ ಫೈಲನ್ನು ತರಿಸಿಕೊಳ್ಳುತ್ತದೆ. ಉಳಿಸುವಾಗ ಮರಳಿ ಕಳಿಸುತ್ತದೆ.

ಮನೆಯಲ್ಲಿ ಸರ್ವರ್ ಇಟ್ಟವರು ಈ ಅನುಭವವನ್ನು ಬಲ್ಲರು. ಹೊರಗೆ ಹೋಗಿ ಮೊಬೈಲ್ ಡೇಟಾದಲ್ಲಿ ನೋಡಿದರೆ ಸೈಟ್ ಚೆನ್ನಾಗಿ ತೆರೆಯುತ್ತದೆ. ಫೈಲು ತಿದ್ದಲು ಹೋದರೆ ಮಾತ್ರ ವೃತ್ತ ತಿರುಗುತ್ತದೆ. ಸೈಟಿನ ಹೆಸರು ಡಿಎನ್‌ಎಸ್‌ನಲ್ಲಿ ಮನೆಯ ರೌಟರಿನ ಸಾರ್ವಜನಿಕ ವಿಳಾಸಕ್ಕೆ ಜೋಡಿಸಿದೆ. ಹೊರಗಿನಿಂದ ಬಂದವರನ್ನು ರೌಟರ್ ಒಳಗಿನ ಯಂತ್ರಕ್ಕೆ ಕಳಿಸುತ್ತದೆ. ಆದರೆ ಆಫೀಸ್ ಸರ್ವರ್ ಇರುವುದೇ ಮನೆಯೊಳಗೆ. ಅದು ಅದೇ ಹೆಸರು ಹಿಡಿದು ಹೊರಟರೆ ದತ್ತಾಂಶದ ಪೊಟ್ಟಣ ರೌಟರಿನ ಹೊಸ್ತಿಲ ತನಕ ಹೋಗಿ, ಅಲ್ಲಿಂದ ತಿರುಗಿ ಒಳಗೇ ಬರಬೇಕು. ಈ ಯು-ಟರ್ನ್ ಅನೇಕ ಮನೆ ರೌಟರುಗಳಿಗೆ ಬರುವುದಿಲ್ಲ. ಪರಿಹಾರವೆಂದರೆ ಮನೆಯೊಳಗೆ ಅದೇ ಹೆಸರಿಗೆ 192.168ರಿಂದ ಶುರುವಾಗುವ ಒಳವಿಳಾಸ ಸಿಗುವಂತೆ ಮಾಡುವುದು. ಒಂದೇ ಹೆಸರಿಗೆ ಒಳಗೊಂದು ವಿಳಾಸ, ಹೊರಗೊಂದು ವಿಳಾಸ. ಇದರಲ್ಲೊಂದು ವ್ಯಂಗ್ಯವೂ ಇದೆ. ಹೀಗೆ ನಾಲ್ಕನೆಯ ಕರೆ ಸರಿಪಡಿಸಿದ ಮರುಕ್ಷಣ ಎರಡನೆಯದು ಕೆಡಬಹುದು. ಕಿಡಿಗೇಡಿಗಳು ತನ್ನ ಮೂಲಕ ಒಳಜಾಲವನ್ನು ಕೆದಕಬಾರದೆಂದು ನೆಕ್ಸ್ಟ್‌ಕ್ಲೌಡ್ ಖಾಸಗಿ ವಿಳಾಸಗಳಿಗೆ ಕರೆ ಮಾಡಲು ಹಿಂಜರಿಯುತ್ತದೆ. ಓನ್ಲಿಆಫೀಸ್ ಜೋಡಿಸುವವರು ಸ್ಥಳೀಯ ಸರ್ವರಿಗೆ ಅನುಮತಿ ಕೊಡುವ ಸಾಲನ್ನು ಬೇರೆಯಾಗಿ ಬರೆಯಬೇಕಾಗುವುದು ಅದಕ್ಕೇ.

ಇದೆಲ್ಲ ಸ್ವಂತ ಸಾರ್ವಜನಿಕ ವಿಳಾಸ ಇದ್ದವರ ಮಾತಾಯಿತು. ನಮ್ಮಲ್ಲಿ ಅನೇಕ ಮನೆ ಸಂಪರ್ಕಗಳಿಗೆ ಅದೂ ಇರುವುದಿಲ್ಲ. ಐಪಿವಿ4 ವಿಳಾಸಗಳು ಸಾಲದಾದಾಗ, ಸೇವಾ ಕಂಪನಿಗಳು ನೂರಾರು ಮನೆಗಳಿಗೆ ಒಂದೇ ವಿಳಾಸ ಹಂಚಲು ನೆರವಾಗುವಂತೆ 2012ರಲ್ಲಿ 100.64ರಿಂದ 100.127ರವರೆಗಿನ ಸುಮಾರು 42 ಲಕ್ಷ ವಿಳಾಸಗಳನ್ನು ಪ್ರತ್ಯೇಕವಾಗಿ ಎತ್ತಿಟ್ಟರು. ನಿಮ್ಮ ರೌಟರಿನ ಹೊರವಿಳಾಸ ಆ ಸಾಲಿನದಾದರೆ, ಹೊರಗಿನಿಂದ ನೇರವಾಗಿ ನಿಮ್ಮ ಬಾಗಿಲು ತಟ್ಟಲು ಸಾಧ್ಯವೇ ಇಲ್ಲ. ಅಲ್ಲಿ ಕೊಲಾಬೊರಾದ ಸಂರಚನೆ ತಿದ್ದುತ್ತ ಕೂರುವುದು ದಂಡ.

ಪ್ರಮಾಣಪತ್ರದ ಕಥೆ ಇನ್ನೂ ಸ್ವಾರಸ್ಯಕರ. ಬೀಗದ ಗುರುತು ಕಾಣುತ್ತಿದೆ ಎಂದರೆ ಪ್ರಮಾಣಪತ್ರ ಸರಿಯಿದೆ ಎಂದು ಎಲ್ಲರೂ ನಂಬುತ್ತಾರೆ. ಪ್ರಮಾಣಪತ್ರ ಒಂಟಿಯಲ್ಲ. ಅದಕ್ಕೆ ಸಹಿ ಹಾಕಿದವರು, ಅವರಿಗೆ ಸಹಿ ಹಾಕಿದವರು ಹೀಗೆ ಒಂದು ಸರಪಳಿ, ಅದನ್ನು ಪೂರ್ತಿ ಕೊಡುವುದು ಸರ್ವರಿನ ಜವಾಬ್ದಾರಿ. ನಡುವಿನ ಕೊಂಡಿಯೊಂದನ್ನು ಕೊಡಲು ಮರೆತಿದ್ದರೆ ಬ್ರೌಸರ್ ಅದನ್ನು ಎಲ್ಲಿಂದಲಾದರೂ ತಾನೇ ಹುಡುಕಿ ತಂದು ಸೇರಿಸಿಕೊಂಡು, ಏನೂ ಆಗಲಿಲ್ಲವೆಂಬಂತೆ ಬೀಗ ತೋರಿಸುತ್ತದೆ. ಸರ್ವರಿನಲ್ಲಿರುವ ತಂತ್ರಾಂಶಗಳಿಗೆ ಆ ಉಪಕಾರ ಬುದ್ಧಿ ಇಲ್ಲ. ಕೊಂಡಿ ತಪ್ಪಿದೆ, ನಂಬುವುದಿಲ್ಲ, ಅಷ್ಟೇ. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಹಳೆಯ ಮೂಲ ಪ್ರಮಾಣಪತ್ರವೊಂದರ ಆಯುಸ್ಸು ಮುಗಿದಾಗ ಇಂಥದ್ದೇ ಆಯಿತು. ಹೊಸ ಬ್ರೌಸರುಗಳಲ್ಲಿ ಪುಟಗಳು ಎಂದಿನಂತೆ ತೆರೆದವು, ಹಳೆಯ ಓಪನ್‌ಎಸ್‌ಎಸ್‌ಎಲ್ ಇದ್ದ ಯಂತ್ರಗಳು ಪರಸ್ಪರ ಮಾತು ಬಿಟ್ಟವು. ತಾವೇ ಸಹಿ ಮಾಡಿಕೊಂಡ ಪ್ರಮಾಣಪತ್ರದ ಪಾಡೂ ಅಷ್ಟೇ. ಬ್ರೌಸರಿನಲ್ಲಾದರೆ ಎಚ್ಚರಿಕೆ ಬಂದಾಗ ‘ಪರವಾಗಿಲ್ಲ, ಮುಂದುವರಿಸು’ ಎಂದು ಒತ್ತಬಹುದು. ಸರ್ವರಿಗೆ ಒತ್ತಲು ಬೆರಳಿಲ್ಲ.

ಇಲ್ಲಿ ಹಲವರು ಕೊಡುವ ಸಲಹೆ, ನೆಕ್ಸ್ಟ್‌ಕ್ಲೌಡಿನಲ್ಲಿ ಪ್ರಮಾಣಪತ್ರ ತಪಾಸಣೆ ಬೇಡವೆಂದು ಗುರುತು ಹಾಕಿಬಿಡಿ ಎಂಬುದು. ಭದ್ರತೆಯ ಮಾತು ಹಾಗಿರಲಿ, ಆ ಗುರುತು ಕೆಲಸ ಮಾಡುವುದು ಎರಡನೆಯ ಕರೆಗೆ ಮಾತ್ರ. ಕೆಟ್ಟಿರುವುದು ನಾಲ್ಕನೆಯದಾದರೆ ಗುರುತು ಹಾಕಿಯೂ ಬಿಳಿ ಪರದೆಯೇ. ಕಾವಲು ತೆಗೆದದ್ದು ಒಂದು ಬಾಗಿಲಿನದು, ಚಿಲಕ ಇದ್ದದ್ದು ಇನ್ನೊಂದಕ್ಕೆ.

ಚೀಟಿಯ ಪರಿಶೀಲನೆಯೂ ಎರಡೂ ಕಡೆ ನಡೆಯುತ್ತದೆ. ಯಾವ ನೆಕ್ಸ್ಟ್‌ಕ್ಲೌಡಿನಿಂದ ಬಂದವರಿಗೆ ಸೇವೆ ಕೊಡಬೇಕು ಎಂಬ ಪಟ್ಟಿ ಕೊಲಾಬೊರಾ ಬಳಿ ಇದೆ. ಅದರಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಅನಧಿಕೃತ ವೋಪಿ ಹೋಸ್ಟ್ ಎಂದು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದೂ ಸೇರಿಸುತ್ತದೆ. ಯುಗ ಬಿಟ್ಟು ಬಂದರೂ ಪಟ್ಟಿ ತಾನಾಗಿ ಬದಲಾಗದು. ನೆಕ್ಸ್ಟ್‌ಕ್ಲೌಡ್ ಕಡೆಯೂ, ಯಾವ ಐಪಿ ವಿಳಾಸದಿಂದ ವೋಪಿ ಕರೆ ಬರಬಹುದೆಂಬ ಪಟ್ಟಿ ಇಡಬಹುದು. ಐಪಿವಿ4 ವಿಳಾಸವನ್ನು ಜಾಗರೂಕತೆಯಿಂದ ಬರೆದು, ಸರ್ವರುಗಳು ತಮ್ಮೊಳಗೆ ಐಪಿವಿ6ನಲ್ಲಿ ಮಾತಾಡುತ್ತಿವೆ ಎಂಬುದನ್ನು ಮರೆತರೆ 403, ಅಂದರೆ ಪ್ರವೇಶ ನಿರಾಕರಣೆ, ಖಚಿತ. ಓನ್ಲಿಆಫೀಸ್‌ನಲ್ಲಿ ಚೀಟಿಗೆ ಮೊಹರೂ ಉಂಟು, ಎರಡೂ ಕಡೆ ಒಂದೇ ಗುಪ್ತಪದ ಇರಬೇಕು. 2022ರ 7.2ನೇ ಆವೃತ್ತಿಯಿಂದ ಈ ಮೊಹರು ತಾನಾಗಿಯೇ ಜಾರಿಗೆ ಬರುತ್ತದೆ, ನೀವು ಗುಪ್ತಪದ ಕೊಡದಿದ್ದರೆ ಅದೇ ಒಂದನ್ನು ಹುಟ್ಟಿಸಿಕೊಳ್ಳುತ್ತದೆ. ಕಂಟೇನರನ್ನು ಅಳಿಸಿ ಹೊಸದಾಗಿ ಎಬ್ಬಿಸಿದರೆ ಹೊಸ ಗುಪ್ತಪದ. ನಿನ್ನೆ ನಡೆಯುತ್ತಿದ್ದದ್ದು ಇಂದು ನಿಲ್ಲಲು ಇಷ್ಟು ಸಾಕು.

ಗಡಿಯಾರವನ್ನು ಬಹಳ ಜನ ಮರೆಯುತ್ತಾರೆ. ಚೀಟಿಗೂ ಪ್ರಮಾಣಪತ್ರಕ್ಕೂ ಅವಧಿ ಇರುತ್ತದೆ, ಅವಧಿ ಅಳೆಯುವುದು ಆಯಾ ಯಂತ್ರದ ಗಡಿಯಾರ. ರಾಸ್ಪ್‌ಬೆರಿ ಪೈನಂಥ ಪುಟ್ಟ ಯಂತ್ರಗಳಲ್ಲಿ, ನಾಲ್ಕನೆಯ ಮಾದರಿಯವರೆಗೂ, ಕರೆಂಟು ಹೋದಾಗ ಕಾಲ ಕಾಪಾಡುವ ಗಡಿಯಾರವೇ ಇರಲಿಲ್ಲ. ಕರೆಂಟು ಬಂದ ಮೇಲೆ ಎನ್‌ಟಿಪಿ ಮೂಲಕ ಜಾಲದಿಂದ ಸಮಯ ಕೇಳಿಕೊಳ್ಳುವ ತನಕ ಅದು ಹಳೆಯ ಕಾಲದಲ್ಲೇ ಬದುಕಿರುತ್ತದೆ. ಆ ನಡುವೆ ಬಂದ ಚೀಟಿಗಳೆಲ್ಲ ಭವಿಷ್ಯದಿಂದ ಬಂದವು.

1987ರಲ್ಲಿ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ಸಹೋದ್ಯೋಗಿಗಳಿಗೆ ಬರೆದ ಇಮೇಲೊಂದರಲ್ಲಿ, ಎಲ್ಲೋ ಇದೆ ಎಂದೇ ಗೊತ್ತಿರದ ಕಂಪ್ಯೂಟರ್ ಕೆಟ್ಟು ನಿಮ್ಮ ಕಂಪ್ಯೂಟರ್ ಕೆಲಸಕ್ಕೆ ಬಾರದಂತಾದರೆ ಅದೇ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ ಎಂಬರ್ಥದ ಕುಹಕ ಮಾಡಿದ್ದರು. ಸ್ವಂತ ಕ್ಲೌಡಿನಲ್ಲಿ ಎಲ್ಲ ಕಂಪ್ಯೂಟರುಗಳೂ ನಿಮ್ಮವೇ, ಒಂದೇ ಡಬ್ಬಿಯೊಳಗೇ ಇರಬಹುದು, ಆದರೂ ಮಾತು ಹುಸಿಯಾಗುವುದಿಲ್ಲ. ಒಂದು ಅನುಕೂಲವಿದೆ: ಬ್ರೌಸರ್ ಮತ್ತು ಎರಡು ಸರ್ವರುಗಳು, ಈ ಮೂವರಲ್ಲಿ ಸರ್ವರುಗಳಿಬ್ಬರ ದಿನಚರಿ, ಅಂದರೆ ಲಾಗ್, ನಿಮ್ಮ ಕೈಯಲ್ಲೇ ಇದೆ. ಎರಡು ಕಿಟಕಿ ತೆರೆದು ಒಂದರಲ್ಲಿ ಕೊಲಾಬೊರಾದ ಲಾಗ್, ಇನ್ನೊಂದರಲ್ಲಿ ನೆಕ್ಸ್ಟ್‌ಕ್ಲೌಡ್ ಮುಂದಿನ ಪ್ರಾಕ್ಸಿಯ ಲಾಗ್ ಓಡಲು ಬಿಟ್ಟು ಫೈಲಿನ ಮೇಲೆ ಒತ್ತಿ ನೋಡಿ. ಕೊಲಾಬೊರಾ ‘ಕರೆದೆ’ ಎಂದು ಬರೆದಿದೆ, ಆ ಕಡೆ ‘ಯಾರೋ ಬಂದರು’ ಎಂಬ ಸಾಲೇ ಇಲ್ಲ ಎಂದಾದರೆ ದಾರಿ ಮುರಿದಿದೆ: ಹೆಸರು, ರೌಟರ್, ಫೈರ್‌ವಾಲ್ ನೋಡಿ. ಪ್ರಮಾಣಪತ್ರ ಒಪ್ಪದೆ ಬಾಗಿಲಲ್ಲೇ ಹಿಂತಿರುಗಿದ್ದರೂ ಆ ಕಡೆ ಸಾಲು ಇರುವುದಿಲ್ಲ, ಆದರೆ ಕೊಲಾಬೊರಾ ತನ್ನ ಲಾಗಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಿಕೊಂಡಿರುತ್ತದೆ. ಆ ಕಡೆ ಸಾಲು ಬಂದಿದೆ, ಪಕ್ಕದಲ್ಲಿ 403 ಇದೆ ಎಂದಾದರೆ ದಾರಿ ಸರಿಯಿದೆ, ಹಕ್ಕಿನ ತಕರಾರು.

ಫೈಲು ತೆರೆಯಿತು ಎಂದ ಮಾತ್ರಕ್ಕೆ ಕೈ ತೊಳೆದುಕೊಳ್ಳುವಂತಿಲ್ಲ, ಏಕೆಂದರೆ ತರುವ ಕರೆ ಮತ್ತು ಒಪ್ಪಿಸುವ ಕರೆ ಒಂದೇ ದಾರಿಯಲ್ಲಿ ಹೋದರೂ ಅವುಗಳ ಮಿತಿ ಬೇರೆ. ಎಂಜಿನ್‌ಎಕ್ಸ್ ಯಾರಿಂದಲೂ ಒಂದೇಟಿಗೆ 1 ಎಂಬಿಗಿಂತ ದೊಡ್ಡ ಹೊರೆ ಸ್ವೀಕರಿಸುವುದಿಲ್ಲ, ನೀವಾಗಿ ಏರಿಸದಿದ್ದರೆ. ಕೊಡುವುದಕ್ಕೆ ಈ ಮಿತಿ ಇಲ್ಲ. ಹೀಗಾಗಿ 5 ಎಂಬಿಯ ವರದಿ ಸಲೀಸಾಗಿ ತೆರೆಯುತ್ತದೆ, ನೀವು ತಿದ್ದುತ್ತೀರಿ, ಉಳಿಸುವಾಗ 413, ಅಂದರೆ ಹೊರೆ ಮಿತಿ ಮೀರಿತು ಎಂಬ ಉತ್ತರ, ಬರುತ್ತದೆ. ಬೆಳಗ್ಗೆ 900 ಕೆಬಿ ಇದ್ದ ಫೈಲು ಉಳಿಯುತ್ತಿತ್ತು, ಮಧ್ಯಾಹ್ನ ಎರಡು ಫೋಟೋ ಸೇರಿಸಿದ ಮೇಲೆ ಉಳಿಯದು. ಫೋಟೋ ಸೇರಿಸಿದರೆ ಸಂಪರ್ಕ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಗಬೇಡಿ, ಅವರು ಕಂಡದ್ದನ್ನೇ ಹೇಳುತ್ತಿದ್ದಾರೆ. ಓನ್ಲಿಆಫೀಸ್‌ನಲ್ಲಿ ಉಳಿಸುವ ಕರೆ ತಪ್ಪುವುದು ಇನ್ನಷ್ಟು ಅಪಾಯಕಾರಿ. ಕೊನೆಯವರು ಫೈಲು ಮುಚ್ಚಿ ಸುಮಾರು 10 ಸೆಕೆಂಡ್ ಆದ ಮೇಲೆ ಅದು, ತಿದ್ದಿದ ಪ್ರತಿ ಸಿದ್ಧವಿದೆ ಎಂದು ತಿಳಿಸಲು ಹೊರಡುತ್ತದೆ. ಆ ಕರೆ ತಪ್ಪಿದರೆ ನೋಡಲು ಅಲ್ಲಿ ಯಾರೂ ಕೂತಿರುವುದಿಲ್ಲ.

ಆದ್ದರಿಂದ ರಿಪೇರಿಯಾದ ಮೇಲೆ ಖಾಲಿ ಪುಟ ತೆರೆದು ಸಮಾಧಾನಪಡಬೇಡಿ. ಚಿತ್ರಗಳಿರುವ ಎರಡು ಮೂರು ಎಂಬಿಯ ಫೈಲೊಂದನ್ನು ಎರಡು ಖಾತೆಗಳಿಂದ ತೆರೆಯಿರಿ, ಒಂದು ಮನೆಯ ವೈಫೈನಲ್ಲಿ, ಇನ್ನೊಂದು ಮೊಬೈಲ್ ಡೇಟಾದಲ್ಲಿ. ಒಂದು ಕಡೆ ಬರೆದದ್ದು ಇನ್ನೊಂದು ಕಡೆ ಮೂಡಲಿ. ಆಮೇಲೆ ಎರಡೂ ಕಡೆ ಏನೂ ಮುಟ್ಟದೆ ಹತ್ತು ನಿಮಿಷ ಬಿಟ್ಟು, ಮತ್ತೆ ನಾಲ್ಕು ಪದ ಬರೆದು, ಎರಡನ್ನೂ ಮುಚ್ಚಿ, ಅರ್ಧ ನಿಮಿಷ ತಡೆದು ಫೈಲುಗಳ ಪಟ್ಟಿಗೆ ಬನ್ನಿ. ಹೆಸರಿನ ಎದುರು ಈಗಿನ ಸಮಯ ಕಾಣಿಸಬೇಕು. ಕಾಣದಿದ್ದರೆ ಪ್ರಾಕ್ಸಿಯ ಲಾಗ್ ತೆರೆದು, ಆಫೀಸ್ ಸರ್ವರಿನಿಂದ ಬಂದ ಕೊನೆಯ ಪೋಸ್ಟ್ ಕರೆಯ, ಅಂದರೆ ಒಪ್ಪಿಸುವ ಕರೆಯ, ಪಕ್ಕ ಯಾವ ಸಂಖ್ಯೆ ಇದೆ ಎಂದು ನೋಡಿ.